ಜಮಾತ್ ನಮಾಜು ಮತ್ತು ದುಡಿಮೆಯ ವೇಳೆ: ಕೊಪ್ಪಳ ಸೀಮೆ

ಇಮಾಮರ ಹಿಂದೆ ಸಾಲುಗಟ್ಟಿ ನಿಂತು ಸಲ್ಲಿಸುವ ಸಾಮೂಹಿಕ ಪ್ರಾರ್ಥನೆಗೆ ಜಮಾತ್ ನಮಾಜು ಎಂದು ಹೆಸರು. ದಿನದ ಐದು ನಮಾಜುಗಳು ಸೂರ್ಯನ ಚಲನೆಯನ್ನು ಅನುಸರಿಸುತ್ತವೆ. ಕಚೇರಿ, ಅಕ್ಕಿ ಗಿರಣಿ, ಬಸ್ ಡಿಪೊಗಳು ಗಡಿಯಾರವನ್ನು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗದ ದುಡಿಯುವ ಮುಸ್ಲಿಮರು ದಿನವೂ ಈ ಎರಡನ್ನೂ ಹೊಂದಿಸಿಕೊಂಡೇ ಬದುಕಬೇಕು.

ಕೊಪ್ಪಳ ಸುಮಾರು 76 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ, ಭಾರತೀಯ ಕಾಲಮಾನಕ್ಕೆ ಆಧಾರ 82.5 ಡಿಗ್ರಿ. ಹಾಗಾಗಿ ಇಲ್ಲಿ ಸೂರ್ಯ ನೆತ್ತಿಗೆ ಬರುವುದು ಹನ್ನೆರಡಕ್ಕಲ್ಲ. ನವೆಂಬರ್ ಆರಂಭದಲ್ಲಿ ಸುಮಾರು 12:10ಕ್ಕೆ, ಫೆಬ್ರುವರಿಯಲ್ಲಿ 12:40ರ ಹೊತ್ತಿಗೆ. ಸೂರ್ಯಾಸ್ತ ನವೆಂಬರ್ ಕೊನೆಯಲ್ಲಿ ಸಂಜೆ 5:50ರ ಆಸುಪಾಸು, ಜುಲೈನಲ್ಲಿ ಏಳು ಗಂಟೆ. ಸರ್ಕಾರಿ ಕಚೇರಿ ಬಿಡುವುದು ಮಾತ್ರ ಎರಡೂ ಕಾಲದಲ್ಲಿ 5:30ಕ್ಕೆ. ಜುಲೈನಲ್ಲಿ ನೌಕರ ಮನೆಗೆ ಹೋಗಿ, ಕೈಕಾಲು ತೊಳೆದು ಸೂರ್ಯಾಸ್ತದ ನಮಾಜಾದ ಮಗ್ರಿಬ್ ಜಮಾತಿಗೆ ನಿಧಾನವಾಗಿ ಹೋಗಬಹುದು. ನವೆಂಬರ್‌ನಲ್ಲಿ ಕಡತವೊಂದು ಇಪ್ಪತ್ತು ನಿಮಿಷ ಹಿಡಿದಿಟ್ಟರೂ ಜಮಾತ್ ತಪ್ಪುತ್ತದೆ.

ನಮಾಜಿನ ಕಾಲಾವಧಿ ಬೇರೆ, ಜಮಾತಿನ ವೇಳೆ ಬೇರೆ. ಈ ಭಾಗದಲ್ಲಿ ಹೆಚ್ಚಾಗಿರುವ ಹನಫಿ ಪದ್ಧತಿಯಂತೆ ಜೊಹರ್ ನಮಾಜಿನ ಅವಧಿ ಮಧ್ಯಾಹ್ನದಿಂದ ಮೂರು ತಾಸಿಗೂ ಹೆಚ್ಚು ಕಾಲ ಇರುತ್ತದೆ. ಜಮಾತ್ ನಿಲ್ಲುವುದು ಮಾತ್ರ ಮಸೀದಿ ಕಮಿಟಿ ಫಲಕದಲ್ಲಿ ಬರೆದ ಹೊತ್ತಿಗೆ. ಅದು ತಪ್ಪಿದರೆ ಅಂಗಡಿಯ ಮೂಲೆಯಲ್ಲೋ ಗೋದಾಮಿನ ನೆರಳಲ್ಲೋ ಒಬ್ಬರೇ ಓದಿಕೊಳ್ಳಬಹುದು. ಅವಧಿಯೇ ಮುಗಿದರೆ ಆಮೇಲೆ ಕಜಾ ಎಂದು ತೀರಿಸಬೇಕು. ಒಂದೇ ಊರಿನ ಮಸೀದಿಗಳು ಹತ್ತು ಹದಿನೈದು ನಿಮಿಷ ಹಿಂದುಮುಂದಾಗಿ ಜಮಾತ್ ಇಟ್ಟುಕೊಳ್ಳುವುದು ಈ ಕಾರಣಕ್ಕೆ ಬಹಳ ಉಪಕಾರಿ. ಒಂದು ಕಡೆ ತಪ್ಪಿದವರಿಗೆ ಇನ್ನೊಂದು ಕಡೆ ಸಿಗುತ್ತದೆ.

ನಿಜವಾದ ಗಂಟು ಶುಕ್ರವಾರದ ಜುಮ್ಮಾ. ಅದನ್ನು ಒಬ್ಬರೇ ಸಲ್ಲಿಸುವಂತಿಲ್ಲ. ಮೊದಲು ಖುತ್ಬಾ ಎಂಬ ಪ್ರವಚನ, ಬಳಿಕ ಎರಡು ರಕಾತ್ (ನಮಾಜಿನ ಆವರ್ತ) ಫರ್ಜ್, ಅಂದರೆ ಕಡ್ಡಾಯ ನಮಾಜು. ತಪ್ಪಿದವರು ಜೊಹರ್‌ನ ನಾಲ್ಕು ರಕಾತ್ ಓದಬೇಕು. ಕುರಾನಿನ 62ನೇ ಅಧ್ಯಾಯ ಈ ಹೊತ್ತಿನಲ್ಲಿ ವ್ಯಾಪಾರ ನಿಲ್ಲಿಸಲು ಹೇಳುತ್ತದೆ, ಪ್ರಾರ್ಥನೆ ಮುಗಿದೊಡನೆ ಮತ್ತೆ ದುಡಿಮೆಗೆ ಹೊರಡಲೂ ಹೇಳುತ್ತದೆ. ಬೇಕಿರುವುದು ಇಡೀ ದಿನದ ರಜೆಯಲ್ಲ, ಮುಕ್ಕಾಲು ತಾಸಿನ ಬಿಡುವು.

ಈ ಸೀಮೆಗೆ ಇಡೀ ದಿನದ ರಜೆಯೂ ಹೊಸದಲ್ಲ. ಇದು ಸೇರಿದ್ದ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ವಾರದ ರಜೆ ಶುಕ್ರವಾರವೇ ಇತ್ತು. ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ 1948ರ ಸೆಪ್ಟೆಂಬರ್‌ನ ಪೊಲೀಸ್ ಕಾರ್ಯಾಚರಣೆಯ ನಂತರ ಅದು ಭಾನುವಾರಕ್ಕೆ ಬದಲಾಯಿತು. 1956ರಲ್ಲಿ ರಾಯಚೂರು ಜಿಲ್ಲೆಯ ಭಾಗವಾಗಿ ಮೈಸೂರು ರಾಜ್ಯ ಸೇರಿ, 1997ರಲ್ಲಿ ಪ್ರತ್ಯೇಕ ಜಿಲ್ಲೆಯಾದ ಕೊಪ್ಪಳ ಈಗ ಭಾನುವಾರದ ಲೆಕ್ಕದಲ್ಲೇ ನಡೆಯುತ್ತದೆ.

ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಗಂಗಾವತಿಯಲ್ಲಿ ಕಷ್ಟ ಹೆಚ್ಚುವುದು ಸುಗ್ಗಿಯಲ್ಲಿ. ಮುಂಗಾರು ಭತ್ತದ ಕೊಯ್ಲು ನವೆಂಬರ್, ಡಿಸೆಂಬರ್‌ಗೆ ಬರುತ್ತದೆ. ಹೊತ್ತು ಬೇಗ ಮುಳುಗುವ ಕಾಲವೂ ಅದೇ. ಲಾರಿ ತುಂಬುವ ಹಮಾಲರದು ಗುಂಪಿನ ಕೆಲಸ, ಒಬ್ಬ ಹೊರಟರೆ ಉಳಿದವರ ಹೆಗಲಿಗೆ ಭಾರ. ಹೀಗಾಗಿ ಅಲ್ಲಿ ಬಿಡುವು ಜೊತೆಗಾರರ ಒಪ್ಪಿಗೆಯ ಮೇಲೆ ನಿಂತಿದೆ. ಮಳೆಯನ್ನೇ ನಂಬಿದ ಯಲಬುರ್ಗಾದ ಎರೆಹೊಲದಲ್ಲಿ ಸ್ವಂತ ಬೇಸಾಯ ಮಾಡುವವರಿಗೆ ಈ ತೊಡಕು ಕಡಿಮೆ.

ಕೊಪ್ಪಳದ ಬಳಿ ಬೇವಿನಹಳ್ಳಿಯಲ್ಲಿ ಕಿರ್ಲೋಸ್ಕರ್ ಫೆರಸ್ ಕಾರ್ಖಾನೆಯಿದೆ. ಕಬ್ಬಿಣದ ಊದುಕುಲುಮೆಯನ್ನು ಮನಸ್ಸಿಗೆ ಬಂದಾಗ ಆರಿಸಲಾಗದು. ಇಂಥ ಉದ್ದಿಮೆಯಲ್ಲಿ ಪಾಳಿ ಅನಿವಾರ್ಯ. ಮಧ್ಯಾಹ್ನ ಎರಡಕ್ಕೆ ಪಾಳಿ ಬದಲಾಗುವ ಕಡೆಗಳಲ್ಲಿ ಎರಡನೇ ಪಾಳಿಯವರು ಜುಮ್ಮಾ ಮುಗಿಸಿ ಬರಬಹುದು, ಮೊದಲ ಪಾಳಿಯವರಿಗೆ ಅದು ಕೆಲಸದ ನಡುವೆ ಬೀಳುತ್ತದೆ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆ ಕನಿಷ್ಠ ಅರ್ಧ ತಾಸಿನ ವಿಶ್ರಾಂತಿ ಕೊಡಿಸುತ್ತಿತ್ತು, ಪ್ರಾರ್ಥನೆಯ ಮಾತು ಅದರಲ್ಲಿರಲಿಲ್ಲ. ಮೇಲ್ವಿಚಾರಕರು ಒಳ್ಳೆಯವರಾದರೆ ಊಟದ ಬಿಡುವು ಹಿಂದುಮುಂದಾಗುತ್ತದೆ. ಆದರೆ ಅವರು ವರ್ಗವಾದರೆ ಮತ್ತೆ ಮೊದಲಿನಿಂದ ಕೇಳಬೇಕು. ಪಾಳಿಪಟ್ಟಿಯಲ್ಲೇ ಶುಕ್ರವಾರದ ಅದಲುಬದಲು ಬರೆದಿಡುವುದು ಇದಕ್ಕಿಂತ ನ್ಯಾಯವಾದ ದಾರಿ. ವೇಳಾಪಟ್ಟಿಯಲ್ಲೇ ಹೀಗೆ ಜಾಗ ಮಾಡಿಕೊಡುವುದಕ್ಕೆ ಮಾದರಿಯೂ ಇದೆ: ಕೇರಳದ ಶಾಲೆಗಳಲ್ಲಿ ಶುಕ್ರವಾರದ ಮಧ್ಯಾಹ್ನದ ಬಿಡುವು ಹೆಚ್ಚು; ಕಾಸರಗೋಡಿನ ಕನ್ನಡ ಮಕ್ಕಳಿಗೂ ಅದು ಸಿಗುತ್ತದೆ.

ಮಹಿಳೆಯರಿಗೆ ಜುಮ್ಮಾ ಕಡ್ಡಾಯವಲ್ಲ. ದುಡಿಯುವ ಹೆಣ್ಣುಮಕ್ಕಳಿಗೆ ಬೇಕಾದದ್ದು ನಮಾಜಿಗೆ ಮುಂಚಿನ ಅಂಗಶುದ್ಧಿಯಾದ ವುಜುವಿಗೆ ನೀರು ಮತ್ತು ಮರೆಯಾದ ಒಂದಿಷ್ಟು ಜಾಗ.

ಕುಷ್ಟಗಿಯ ಹೆದ್ದಾರಿಯಲ್ಲಿ ದೂರದೂರಿಗೆ ಸಾಗುವ ಲಾರಿ ಚಾಲಕರಿಗೆ ಪ್ರಯಾಣಿಕರ ವಿನಾಯಿತಿ ಇದೆ. ಸುಮಾರು 48 ಮೈಲಿ ಮೀರಿದ ಪಯಣದಲ್ಲಿ ನಾಲ್ಕು ರಕಾತಿನ ನಮಾಜು ಎರಡಾಗುತ್ತದೆ, ಜುಮ್ಮಾ ಕಡ್ಡಾಯವಾಗುವುದಿಲ್ಲ. ಗಂಗಾವತಿಯಿಂದಲೋ ಯಲಬುರ್ಗಾದಿಂದಲೋ ದಿನವೂ ಕೊಪ್ಪಳಕ್ಕೆ ಓಡಾಡುವ ನೌಕರರು ಆ ದೂರ ಮುಟ್ಟುವುದಿಲ್ಲ, ಹಾಗಾಗಿ ಅವರಿಗೆ ಈ ಸವಲತ್ತಿಲ್ಲ.

ರಮಜಾನ್ ಪ್ರತಿವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. 2025ರಲ್ಲಿ ನೆರೆಯ ತೆಲಂಗಾಣ ಆ ತಿಂಗಳು ಮುಸ್ಲಿಂ ನೌಕರರಿಗೆ ಸಂಜೆ ನಾಲ್ಕಕ್ಕೇ ಹೊರಡಲು ಅನುಮತಿ ನೀಡಿತು. 2030ರಲ್ಲಿ ಜನವರಿಗೊಮ್ಮೆ, ಡಿಸೆಂಬರ್ ಕೊನೆಗೊಮ್ಮೆ ಎರಡು ಸಲ ರಮಜಾನ್ ಆರಂಭವಾಗಲಿದೆ. ಆಗ ಕೊಪ್ಪಳದಲ್ಲಿ ಇಫ್ತಾರ್ ಆರು ಗಂಟೆ ದಾಟುತ್ತಲೇ ಬರುವುದರಿಂದ, 5:30ಕ್ಕೆ ಕಚೇರಿ ಬಿಟ್ಟವರಿಗೆ ಉಪವಾಸ ಬಿಡಲು ಅರ್ಧ ತಾಸಿನಷ್ಟೇ ಸಮಯ ಉಳಿಯುತ್ತದೆ.