ಕಳೆದ ಬೆಳೆಯ ಭತ್ತವೇ ಈ ಬೆಳೆಗೆ ಕಳೆ: ಗದ್ದೆಯಲ್ಲಿ ಏನು ಮಾಡಬೇಕು?

ಮಂಗಳೂರು: ಹೋದ ವರ್ಷ ಎಂ.ಒ.-4 ಬೆಳೆದ ಗದ್ದೆಗೆ ಈ ಸಲ ಜಯ ಹಾಕಿದವರಿಗೆ ಮಿಲ್ಲಿನಲ್ಲಿ ಒಂದು ತಲೆನೋವು ಕಾದಿರ್ತದೆ. ಬಿಳಿ ಅಕ್ಕಿ ನಡುವೆ ಕೆಂಪು ಕಾಳು. ಬೆರಕೆ ಅಕ್ಕಿಯನ್ನು ಅಂಗಡಿಯವರೂ ಕೇಳಲ್ಲ. ಬೀಜ ಕೊಟ್ಟವರ ಮೇಲೆ ಸಿಟ್ಟು ಬರೋದು ಸಹಜ, ಆದರೆ ತಪ್ಪು ಗದ್ದೆಯಲ್ಲೇ ಇರಬಹುದು.

ಕೊಯ್ಲಿನಲ್ಲಿ ಉದುರಿದ ಭತ್ತ ಮುಂದಿನ ಮಳೆಗೆ ತಾನಾಗಿ ಹುಟ್ಟುತ್ತದೆ. ಎಂ.ಒ.-4, ಅಂದರೆ ಕೇರಳದ ಮೊಂಕೊಂಪು ಕೇಂದ್ರದ ಭದ್ರ ತಳಿ, ಕೆಂಪಕ್ಕಿಯದ್ದು, ಜಯ ಬಿಳಿ. ಆದರೆ ಎಳೆ ಪೈರಿನಲ್ಲಿ ಎರಡನ್ನೂ ಬೇರೆ ಮಾಡೋದು ಕಷ್ಟ. ಕಳೆನಾಶಕಕ್ಕೂ ಎರಡೂ ಭತ್ತವೇ, ಒಂದನ್ನು ಬಿಟ್ಟು ಇನ್ನೊಂದನ್ನು ಸಾಯಿಸಲ್ಲ.

ಹಾಗಾಗಿ ಕೆಲಸ ಎಲ್ಲ ನಾಟಿಗೆ ಮೊದಲೇ ಆಗಬೇಕು. ಏಣೆಲಿಗೆ ಮುಂಚೆ ಮೊದಲ ಮಳೆ ಬಿದ್ದಾಗ ಗದ್ದೆ ಒಮ್ಮೆ ತೆಳುವಾಗಿ ಉತ್ತು ಬಿಡಿ. ನೀರಿನ ಅನುಕೂಲ ಉಂಟಾದರೆ ಹಾಯಿಸಿಯೂ ಮೊಳಕೆ ಬರಿಸಬಹುದು. ಹತ್ತು-ಹದಿನೈದು ದಿನದಲ್ಲಿ ಹಸಿರು ಕಾಣಿಸಿದ ಮೇಲೆ ಮತ್ತೆ ಉತ್ತು ಕೆಸರು ಮಾಡಿ ಮುಚ್ಚಬೇಕು. ಸಾಧ್ಯವಾದರೆ ಇನ್ನೊಂದು ಸಲ. ನಾಟಿ ತಡವಾಗ್ತದೆ ಎಂಬ ಅವಸರದಲ್ಲಿ ಹೆಚ್ಚಿನವರು ಬಿಡೋದು ಇದನ್ನೇ.

ಬಿತ್ತನೆಗಿಂತ ಸಾಲು ನಾಟಿ ಒಳ್ಳೆಯದು. ಸಾಲಿನ ಹೊರಗೆ ಎದ್ದದ್ದು ನಮ್ಮದಲ್ಲ ಅಂತ ಕಣ್ಣಿಗೇ ಗೊತ್ತಾಗ್ತದೆ, ಕಿತ್ತು ಹಾಕಬಹುದು. ನೇಜಿ ಬೇರು ಹಿಡಿದ ಮೇಲೆ ಗದ್ದೆಯಲ್ಲಿ ನೀರು ನಿಲ್ಲಿಸಿದರೆ ಹೊಸದಾಗಿ ಮೊಳೆಯೋದೂ ಕಡಿಮೆ. ತೆನೆ ಬಂದಾಗ ಎತ್ತರ, ಹೂ ಬಿಡುವ ಸಮಯ ಬೇರೆ ಕಂಡ ಗಿಡ ಇದ್ದರೆ ಕಾಳು ಕಟ್ಟುವ ಮೊದಲೇ ತೆಗೀರಿ.

ಏಣೆಲು ಕೊಯ್ದು ಉದ್ದು ಅಥವಾ ಅಲಸಂಡೆ ಹಾಕುವವರಿಗೆ ಅಷ್ಟು ಚಿಂತೆ ಇಲ್ಲ. ಅಗಲ ಎಲೆಯ ನಡುವೆ ಭತ್ತ ಎದ್ದು ಕಾಣ್ತದೆ. ಹಾಗಂತ ತೆನೆ ಬಿಡಲು ಬಿಟ್ಟರೆ ಮತ್ತೆ ಅದೇ ಕತೆ.

ಕಟಾವು ಯಂತ್ರದ ಮೇಲೂ ಕಣ್ಣಿರಲಿ. ಬೇರೆಯವರ ಗದ್ದೆಯಿಂದ ನೇರ ಬಂದ ಯಂತ್ರದೊಳಗೆ ಅವರ ಭತ್ತ ಉಳಿದಿರ್ತದೆ. ಇಳಿಸುವ ಮೊದಲು ಖಾಲಿ ಓಡಿಸಿ ಸ್ವಚ್ಛ ಮಾಡಿಸಿ.

ಪ್ರಮಾಣಿತ ಬೀಜ ಬೆಳೆಯುವ ಗದ್ದೆಯಲ್ಲಿ ಹೀಗೆ ತಾನಾಗಿ ಹುಟ್ಟಿದ ಗಿಡ ಇರಬಾರದು ಎಂದು ನಿಯಮವೇ ಉಂಟು. ಬೇರೆ ತಳಿಯ ಗದ್ದೆಯಿಂದ 3 ಮೀಟರ್ ಅಂತರವೂ ಬೇಕು. ಮನೆ ಬೀಜ ಎತ್ತಿಡುವವರೂ ಒಂದು ಮುಷ್ಟಿ ಭತ್ತ ಸುಲಿದು ನೋಡಿ. ಎರಡು ಬಣ್ಣ ಕಂಡರೆ ಅದು ಮನೆಯ ಊಟಕ್ಕೆ ಇರಲಿ, ಬಿತ್ತನೆಗೆ ಬೇಡ.