ಒಂದೇ ಕೋಶವನ್ನು ಕುಟುಕಿದರೆ ದಿಕ್ಕು ತಪ್ಪೀತೆ?

ಕಾಗಿನೆಲೆ, ಬ್ಯಾಡಗಿ ಕಡೆಯ ರೈತರು ಹೊಲದ ಗುರುತು ಹೇಳುವಾಗ ಮೂಡಲ, ಪಡುವಲ ಎನ್ನುವುದುಂಟು. ಎಡ-ಬಲ ನಾವು ತಿರುಗಿದಂತೆ ತಿರುಗುತ್ತವೆ. ಪಡುವಲ ಮಾತ್ರ ನಿಂತಲ್ಲೇ ನಿಲ್ಲುತ್ತದೆ. ಮೆದುಳಿನಲ್ಲೂ ಇಂಥದೊಂದು ಲೆಕ್ಕವಿದೆ ಎಂದು ತಿಳಿದದ್ದು ಇಲಿಗಳಿಂದ.

ಲಂಡನ್ನಿನಲ್ಲಿ ಜಾನ್ ಓಕೀಫ್ ಮತ್ತು ಜೊನಾಥನ್ ದೊಸ್ತ್ರೋವ್ಸ್ಕಿ 1971ರಲ್ಲಿ ಸ್ಥಳಕೋಶಗಳನ್ನು ವರದಿ ಮಾಡಿದರು. ಇಲಿ ಗೊತ್ತಾದ ಜಾಗಕ್ಕೆ ಬಂದಾಗ ಮಿಡಿಯುವ ನರಕೋಶಗಳಿವು. ಮುಖ ಯಾವ ಕಡೆಗಿದೆ ಎಂಬುದನ್ನು ಹೇಳುವ ಕೋಶಗಳನ್ನು 1984ರಲ್ಲಿ ಬ್ರೂಕ್ಲಿನ್‌ನ ಜೇಮ್ಸ್ ರ‍್ಯಾಂಕ್ ಗುರುತಿಸಿದರು. ಜೆಫ್ರಿ ಟಾಬ್ ಮತ್ತು ರಾಬರ್ಟ್ ಮುಲ್ಲರ್ ಜೊತೆಗೂಡಿ 1990ರಲ್ಲಿ ಅವರು ಪ್ರಕಟಿಸಿದ ಪ್ರಯೋಗ ಇಂದಿಗೂ ಬೆರಗು ಹುಟ್ಟಿಸುತ್ತದೆ. ದುಂಡನೆಯ ಆವರಣದ ಗೋಡೆಗೆ ಒಂದು ಬಿಳಿ ಹಾಳೆ. ಅದನ್ನು ಬೇರೆ ಕಡೆಗೆ ಸರಿಸಿದರೆ ಕೋಶದ ಮೆಚ್ಚಿನ ದಿಕ್ಕೂ (ಅದು ಅತಿ ಹೆಚ್ಚು ಮಿಡಿಯುವ ದಿಕ್ಕು) ಹೆಚ್ಚುಕಡಿಮೆ ಅಷ್ಟೇ ಸರಿಯುತ್ತಿತ್ತು. ಭೂಮಿಯ ಕಾಂತತ್ವಕ್ಕೂ ಈ ದಿಕ್ಸೂಚಿಗೂ ಸಂಬಂಧವಿಲ್ಲ. ಕಣ್ಣಿಗೆ ಕಂಡ ಗುರುತು, ಒಳಗಿವಿಯ ಸಮತೋಲನದ ಅಂಗ ಕೊಡುವ ಸುದ್ದಿ, ಇವೇ ಅದರ ಆಧಾರ.

1990ರ ದಶಕದ ನಡುವೆ ಸಿದ್ಧಾಂತಿಗಳು ಈ ದಿಕ್ಕಿನ ಕೋಶಗಳನ್ನು ಕಾಲ್ಪನಿಕ ವರ್ತುಲವೊಂದರ ಮೇಲೆ ಜೋಡಿಸಿದರು. ಅಕ್ಕಪಕ್ಕದವು ಒಂದನ್ನೊಂದು ಹುರಿದುಂಬಿಸುತ್ತವೆ, ದೂರದವು ತಡೆಯುತ್ತವೆ. ಹಾಗಾಗಿ ಚಟುವಟಿಕೆ ಸದಾ ಒಂದೇ ಕಡೆ ಗುಡ್ಡೆಯಾಗಿರುತ್ತದೆ. ವಿವೇಕ್ ಜಯರಾಮನ್ ಅವರ ತಂಡ 2015ರಲ್ಲಿ ಹಣ್ಣುನೊಣದ ಮೆದುಳಿನಲ್ಲಿ ನಿಜವಾದ ಉಂಗುರದಾಕಾರದ ಭಾಗದಲ್ಲೇ ಇದನ್ನು ಕಂಡಿತು. 2017ರಲ್ಲಿ ಬೆಳಕಿನಿಂದ ಪ್ರಚೋದಿಸಿ ಆ ಗುಡ್ಡೆಯನ್ನು ಬೇರೆಡೆಗೆ ಕದಲಿಸಿದ್ದೂ ಆಯಿತು.

ಇಲಿಯಲ್ಲಿ ಒಂದೇ ಒಂದು ದಿಕ್ಕಿನ ಕೋಶವನ್ನು ಕುಟುಕಿದರೆ? ಪ್ರಶ್ನೆ ಅತಿಯಾಸೆಯದಲ್ಲ. ಮೀಸೆಯ ಸ್ಪರ್ಶವನ್ನು ಗ್ರಹಿಸುವ ಮೆದುಳಿನ ಭಾಗದಲ್ಲಿ ಒಂಟಿ ಕೋಶವನ್ನು ಪ್ರಚೋದಿಸಿದರೂ ಇಲಿಗೆ ಅದು ಅರಿವಾಗಬಲ್ಲದೆಂದು ಹೌವೆಲಿಂಗ್ ಮತ್ತು ಬ್ರೆಕ್ಟ್ 2008ರಲ್ಲೇ ತೋರಿಸಿದ್ದರು. ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಆಂಡ್ರಿಯಾ ಬರ್ಗಲೋಸಿ ಅವರ ತಂಡ ಅದೇ ವಿಧಾನ ಹಿಡಿಯಿತು. ಗಾಜಿನ ಸೂಕ್ಷ್ಮ ನಳಿಗೆಯ ತುದಿಯನ್ನು ಕೋಶದ ಪೊರೆಗೆ ತಾಗುವಷ್ಟು ಹತ್ತಿರ ತರುವುದು, ಒಳಗೆ ಚುಚ್ಚದೆ ಅತ್ಯಲ್ಪ ವಿದ್ಯುತ್ ಹರಿಸುವುದು. ಇಲಿಯನ್ನು ತಿರುಗಿಸುತ್ತ, ಮೆಚ್ಚಿನ ದಿಕ್ಕು ಬಿಟ್ಟು ಬೇರೆಡೆಗೆ ಮುಖವಿದ್ದಾಗ ಕೋಶವನ್ನು ಮಿಡಿಸಿದರು. 2018ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ದಾಖಲಿಸಿದ್ದು 81 ಕೋಶಗಳನ್ನು. ಸೆಕೆಂಡುಗಟ್ಟಲೆ ಮಿಡಿಸಿದರೂ ಕೋಶಗಳು ಜಪ್ಪಯ್ಯ ಎನ್ನಲಿಲ್ಲ; ಮೆಚ್ಚಿನ ದಿಕ್ಕು ಮೊದಲಿನದೇ.

ಇದನ್ನು ಸೋಲೆಂದು ಬದಿಗಿಡುವುದು ತಪ್ಪೆಂದೇ ನನ್ನ ಅಭಿಪ್ರಾಯ. ವರ್ತುಲದ ಸಿದ್ಧಾಂತ ನಿರೀಕ್ಷಿಸುವುದೂ ಇದನ್ನೇ: ಹೊರಗಿನ ಗುರುತು ಗಟ್ಟಿಯಾಗಿರುವಾಗ ಒಂದು ಕೋಶದ ತಪ್ಪನ್ನು ಉಳಿದವು ಸೇರಿ ಅಳಿಸುತ್ತವೆ. ಅದೇ ಅಧ್ಯಯನದಲ್ಲಿ, ಕಣ್ಣಿಗೆ ಗುರುತು ಸಿಗದ ಪರಿಸರದಲ್ಲಿ ಮಾತ್ರ, ಕುಟುಕಿದ ದಿಕ್ಕಿನತ್ತ ಚಿಕ್ಕದೊಂದು ವಾಲಿಕೆ ಕಂಡಿತು.

ನಮ್ಮಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಚಿನ್ ದೇಶಮುಖ್ ಇಲಿಗಳ ದಾರಿಯರಿವನ್ನೇ ಅಭ್ಯಸಿಸುತ್ತಾರೆ. ಮೆದುಳಿನ ಹಿಪ್ಪೊಕ್ಯಾಂಪಸ್‌ನ ಕೆಲವು ಕೋಶಗಳು ವಸ್ತುವಿನಿಂದ ಇರುವ ದೂರ ಮತ್ತು ದಿಕ್ಕನ್ನು ಹಿಡಿದಿಡುತ್ತವೆ ಎಂದು ಅವರು ಜೇಮ್ಸ್ ನಿಯೆರಿಮ್ ಜೊತೆ 2013ರಲ್ಲಿ ತೋರಿಸಿದ್ದರು. ಗುರುತುಗಳಿಗೆ ಇಷ್ಟು ಬಲವಿದ್ದರೆ, ಮುಂದಿನ ಪ್ರಯೋಗ ಅವುಗಳನ್ನು ತೆಗೆದುಹಾಕಿ ನಡೆಯಬೇಕು: ದಿಕ್ಕುಗೆಟ್ಟ ಇಲಿಯಲ್ಲಿ, ಒಂದರ ಬದಲು ಬೆರಳೆಣಿಕೆಯ ಕೋಶಗಳನ್ನು ಒಟ್ಟಿಗೆ ಮಿಡಿಸಿ.