ತಲೆಪೆಟ್ಟು: ಒತ್ತಡದ ಹಾರ್ಮೋನಿನ ಎರಡು ಮುಖ

ಕೆಜಿಎಫ್: 2001ರಲ್ಲಿ ಚಿನ್ನದ ಗಣಿಗಳು ಮುಚ್ಚುವವರೆಗೆ ಇಲ್ಲಿನ ಕಾರ್ಮಿಕರನ್ನು ಕಾಡಿದ್ದು ಬಂಡೆಸಿಡಿತದ ಭಯ. ಈಗ ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ದುಡಿಯಲು ಹೋಗುವವರ ಊರಿದು. ತಲೆಪೆಟ್ಟಿನ ಭಯ ರಸ್ತೆಗೆ ಬಂದಿದೆ.

ಪೆಟ್ಟು ಬಿದ್ದೊಡನೆ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸೋಲ್ ಹಾರ್ಮೋನನ್ನು ಹೆಚ್ಚಾಗಿ ಸ್ರವಿಸುತ್ತವೆ. ಮಿದುಳಿನಲ್ಲಿ ಅದನ್ನು ಬರಮಾಡಿಕೊಳ್ಳುವ ಗ್ರಾಹಕಗಳು ಎರಡು ಬಗೆ. ಮಿನರಲೋಕಾರ್ಟಿಕಾಯ್ಡ್ ಗ್ರಾಹಕಕ್ಕೆ ಅಲ್ಪ ಹಾರ್ಮೋನೂ ಸಾಕು. ಗ್ಲುಕೋಕಾರ್ಟಿಕಾಯ್ಡ್ ಗ್ರಾಹಕ ಎಚ್ಚೆತ್ತುಕೊಳ್ಳುವುದು ಪ್ರಮಾಣ ಏರಿದಾಗ. ನೆನಪಿಗೆ ಅತ್ಯಗತ್ಯವಾದ ಹಿಪ್ಪೋಕ್ಯಾಂಪಸ್ ಭಾಗದಲ್ಲಿ ಎರಡೂ ಹೇರಳ. 2002ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ತಲೆಗೆ ಪೆಟ್ಟಾದ ಇಲಿಗಳಿಗೆ ಎರಡನೆಯ ಗ್ರಾಹಕವನ್ನು ತಡೆಯುವ ಮಿಫೆಪ್ರಿಸ್ಟೋನ್ ಔಷಧ ನೀಡಿದಾಗ ಅಲ್ಲಿನ ನರಕೋಶಗಳು ಉಳಿದುಕೊಂಡವು.

ಆದರೆ ಆಸ್ಪತ್ರೆಗಳಲ್ಲಿ ನಡೆಯುತ್ತಿದ್ದುದು ಇದಕ್ಕೆ ವಿರುದ್ಧ. ಊತ ಇಳಿಯಲೆಂದು ದಶಕಗಳ ಕಾಲ ಇದೇ ಗ್ರಾಹಕವನ್ನು ಕೆರಳಿಸುವ ಸ್ಟೀರಾಯ್ಡ್‌ಗಳನ್ನು ಕೊಡಲಾಗುತ್ತಿತ್ತು. 10,008 ಗಾಯಾಳುಗಳನ್ನು ಒಳಗೊಂಡ ‘ಕ್ರ್ಯಾಶ್’ ಪ್ರಯೋಗದ ಫಲಿತಾಂಶ 2004ರಲ್ಲಿ ಹೊರಬಿತ್ತು: ಮೀಥೈಲ್‌ಪ್ರೆಡ್ನಿಸೊಲೋನ್ ಪಡೆದವರಲ್ಲಿ ಎರಡು ವಾರದೊಳಗೆ ಮೃತಪಟ್ಟವರು ಶೇ. 21.1, ಪಡೆಯದವರಲ್ಲಿ ಶೇ. 17.9. ಸಾವು ಹೆಚ್ಚಿದ್ದಕ್ಕೆ ಗ್ರಾಹಕವೊಂದೇ ಕಾರಣವೆಂದು ಆ ಪ್ರಯೋಗ ಹೇಳಲಿಲ್ಲ. ಆದರೂ ತಲೆಪೆಟ್ಟಿಗೆ ವಾಡಿಕೆಯಾಗಿ ಸ್ಟೀರಾಯ್ಡ್ ನೀಡುವ ಪದ್ಧತಿ ಅಲ್ಲಿಗೆ ನಿಂತಿತು.

ಕಾರ್ಟಿಸೋಲ್ ಕಡಿಮೆಯಾದರೂ ಅಪಾಯವೇ. ಪೆಟ್ಟಿನಿಂದ ಪಿಟ್ಯುಟರಿ ಗ್ರಂಥಿ ಘಾಸಿಗೊಂಡರೆ ಅಡ್ರಿನಲ್‌ಗೆ ಆದೇಶವೇ ತಲುಪದು. ಗಾಯ ಮಾಯ್ದು ತಿಂಗಳುಗಳಾದರೂ ಆಯಾಸ, ತಲೆಸುತ್ತು, ರಕ್ತದೊತ್ತಡದ ಕುಸಿತ ಉಳಿಯಬಹುದು. ಮನೆಯವರು ಇದನ್ನು ನಿಶ್ಶಕ್ತಿಯೆಂದು ತಳ್ಳಿಹಾಕುವುದುಂಟು. ಇಂಥವರಿಗೆ ಬೆಳಗಿನ ಹೊತ್ತು ಕಾರ್ಟಿಸೋಲ್ ರಕ್ತಪರೀಕ್ಷೆ ಮಾಡಿಸುವ ಬಗ್ಗೆ ವೈದ್ಯರನ್ನು ಕೇಳಬೇಕು.